ಇಮಾಮಬಿಯ ಸೋಸುಬಟ್ಟೆ

ನಮ್ಮ ಮನೆಯ ನಲ್ಲಿಯ ಬಾಯಿಗೆ ನಾನು ಇವತ್ತಿಗೂ ಹಳೆಯ ಧೋತರದ ತುಂಡೊಂದನ್ನು ಎರಡು ಮಡಿಕೆ ಮಾಡಿ ಕಟ್ಟುತ್ತೇನೆ. ನೋಡಿದವರೆಲ್ಲ ನಗುತ್ತಾರೆ, ನೀವು ಬಂದರೂ ನಗುವವರೇ. ಇಷ್ಟು ಶುದ್ಧವಾದ ನೀರಿಗೆ ಮುಸುಕೇಕೆ ಎಂದು ಸೊಸೆ ಕೇಳುತ್ತಾಳೆ. ಸಂಜೆ ಅದನ್ನು ಬಿಚ್ಚಿ ಅಂಗಳದ ಕರಿಬೇವಿನ ಬುಡದಲ್ಲಿ ಜಾಡಿಸುವಾಗ ನನ್ನ ತುಟಿ ಅಲ್ಲಾಡುವುದನ್ನೂ ಕಂಡಿದ್ದಾಳೆ. ಮಂತ್ರವಿರಬೇಕು ಎಂದುಕೊಂಡಿದ್ದಾಳೆ. ಮಂತ್ರವಲ್ಲ, ಒಂದು ಹೆಸರು.

ಅರವತ್ತರ ದಶಕದ ಮೊದಲ ವರ್ಷಗಳು. ಬಾಗೇವಾಡಿ ಕಡೆಯವಳಾದ ನಾನು ಹೊಸದಾಗಿ ನರ್ಸಬಾಯಿಯಾಗಿ ಸಿಂದಗಿ ತಾಲೂಕಿಗೆ ಬಂದಿದ್ದೆ. ಆಲಮೇಲದ ಹಾದಿಯಲ್ಲಿ ಬಸ್ಸಿಳಿದು ಎರೆಹೊಲಗಳ ನಡುವೆ ನಡೆದರೆ ಸಿಗುವ ಸಣ್ಣ ಊರೊಂದು ನನ್ನ ಪಾಲಿಗೆ ಬಂದಿತ್ತು. ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ, ಬೇಸಿಗೆ ಬಂದರೆ ಮನೆಗೊಬ್ಬರಿಗೆ ನಾರುಹುಣ್ಣು. ಕಾಲಲ್ಲಿ ಬೊಕ್ಕೆ ಎದ್ದು ಒಡೆದು, ದಾರದಂಥ ಹುಳು ಇಣುಕಿದರೆ ಅದನ್ನು ಕಡ್ಡಿಗೆ ಸುತ್ತಿ, ಹರಿಯದ ಹಾಗೆ ದಿನಕ್ಕಿಷ್ಟಿಷ್ಟೇ ಎಳೆಯುತ್ತ ಕೂರಬೇಕು. ಆ ಕಾಲು ಬಾವಿಯ ನೀರಿಗೆ ತಾಗಿದರೆ ಹುಳು ಮರಿ ಬಿಡುತ್ತದೆ; ಮರಿಗಳನ್ನು ನೀರಿನ ಸಣ್ಣ ಜೀವಿಗಳು ನುಂಗುತ್ತವೆ; ಆ ಜೀವಿಗಳನ್ನು ನಾವು ಕುಡಿಯುತ್ತೇವೆ; ಬರುವ ಬೇಸಿಗೆಗೆ ಹುಳು ಮತ್ತೆ ನಮ್ಮ ಕಾಲಲ್ಲಿ. ಇದನ್ನು ತಿಳಿಸಿ ಹೇಳುವುದೇ ನನ್ನ ನೌಕರಿ.

ನನ್ನ ಚೀಲದಲ್ಲೊಂದು ಭೂತಗನ್ನಡಿ ಇತ್ತು, ಅದರ ಮೇಲೆ ನನಗೆ ಇಲ್ಲದ ಜಂಬ. ಗಾಜಿನ ಲೋಟದಲ್ಲಿ ಬಾವಿಯ ನೀರು ಹಿಡಿದು, ಅದರೊಳಗೆ ಪುಟಪುಟ ನೆಗೆಯುವ ಚುಕ್ಕೆಗಳನ್ನು ಹೆಂಗಸರಿಗೆ ತೋರಿಸಿದೆ. ಎಲ್ಲರೂ ಛೀ ಎಂದು ಮುಖ ತಿರುಗಿಸಿದರೆ ಇಮಾಮಬಿ ಮಾತ್ರ ಬಹಳ ಹೊತ್ತು ನೋಡುತ್ತಲೇ ಇದ್ದಳು. ಗಂಡನಿಲ್ಲದ ಮುದುಕಿ. ಒಬ್ಬನೇ ಮಗ ರಾಜೇಸಾಬ ಹೋದ ಬೇಸಿಗೆಯೆಲ್ಲ ಮೊಣಕಾಲಿನ ಹುಳುವಿನಿಂದ ಹಾಸಿಗೆ ಹಿಡಿದಿದ್ದ. ಈ ವರ್ಷ ಅದು ಅವಳದೇ ಕಾಲಿನ ಹರಡಿಗೆ ಬಂದಿತ್ತು. ತನ್ನ ಕಾಲಿನ ಚಿಂತೆ ಅವಳಿಗಿರಲಿಲ್ಲ; ಮುಂದಿನ ವರ್ಷ ಮಗನ ಕಾಲು ನೆಟ್ಟಗಿರಬೇಕು, ಅಷ್ಟೇ. ಗಂಡನ ಹಳೆಯ ಧೋತರ ಹರಿದು ಊರಲ್ಲಿ ಮೊದಲು ನೀರಿನ ಹರವಿಯ ಬಾಯಿಗೆ ಕಟ್ಟಿದವಳೂ ಅವಳೇ. ನಾನು ಹಿಗ್ಗಿ ಹೀರೇಕಾಯಿಯಾದೆ.

ವಾರದ ಮೇಲೆ ಹೋಗಿ ನೋಡುತ್ತೇನೆ, ಇಮಾಮಬಿ ಬಾವಿಯ ಕೊನೆಯ ಮೆಟ್ಟಿಲಲ್ಲಿ, ಹುಣ್ಣಿನ ಕಾಲನ್ನು ಮೊಣಕಾಲವರೆಗೆ ನೀರಿಗಿಟ್ಟು, ಸೋಸಿದ ಬಟ್ಟೆಯನ್ನು ಮೆಲ್ಲಗೆ ಅದ್ದಿ ಬಿಡಿಸುತ್ತಿದ್ದಾಳೆ! ನನ್ನ ಪಿತ್ತ ನೆತ್ತಿಗೇರಿತು.

"ಯವ್ವಾ, ಹುಣ್ಣಿನ ಕಾಲ ನೀರಾಗ ಇಡಬ್ಯಾಡ ಅಂತ ಎಷ್ಟ ಸಲ ಹೇಳೇನಿ?"

"ನೀರ ತರಾಕ ಇಳೀಬ್ಯಾಡ ಅಂದ್ರಿ, ಸೊಸಿ ತರತಾಳ್ರಿ ಅಕ್ಕಾರ. ನಾ ಇವನ್ನ ಬಿಡಾಕ ಬಂದೇನ್ರಿ. ಜೀವ ಅದಾವ ಅಂತ ನೀವ ತೋರಿಸಿದ್ರಿ. ನೆಲಕ್ಕ ಚೆಲ್ಲಿದ್ರ ಸಾಯಾಂಗಿಲ್ಲೇನ್ರಿ?"

ನಾನು ಕನ್ನಡಿಯಲ್ಲಿ ರೋಗ ತೋರಿಸಿದ್ದೆ, ಅವಳು ಜೀವ ಕಂಡಿದ್ದಳು. ತಪ್ಪು ಯಾರದೆಂದು ಹೇಳಲಿ? ಮಗನಿಗಾಗಿ ಸೋಸಿದ ಆ ತಾಯಿ, ಬರುವ ವರ್ಷದ ಹುಳುವನ್ನು ಮರುಕದಿಂದ ಅದೇ ನೀರಿಗೆ ಬಿಡುತ್ತಿದ್ದಳು. ಹೊಲದಿಂದ ಬಂದ ರಾಜೇಸಾಬನೋ ಬಾವಿಯಲ್ಲೇ ಬೊಗಸೆಯೊಡ್ಡಿ ಕುಡಿಯುವವನು. ಅವು ಸಾಯುವುದಿಲ್ಲ ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ.

"ಸಾಯ್ತಾವ ಯವ್ವಾ. ಆ ಪಾಪ ನನಗಿರಲಿ. ದಿನಾ ನನ್ನ ಹೆಸರ ಹೇಳಿ ನೆಲಕ್ಕ ಚೆಲ್ಲು."

ಅವಳು ಮೇಲೆತ್ತೆಂದು ಕೈ ಚಾಚಿದಳು. ಮರುದಿನದಿಂದ ಮನೆಯ ಮುಂದಿನ ಬೇವಿನ ಬುಡದಲ್ಲಿ ಬಟ್ಟೆ ಜಾಡಿಸುತ್ತ "ಇದು ನರ್ಸಬಾಯಿ ಪಾಪ" ಎಂದು ಗಟ್ಟಿಯಾಗಿ ಕೂಗತೊಡಗಿದಳಂತೆ. ನೋಡನೋಡುತ್ತ ಓಣಿಯ ಹೆಂಗಸರೆಲ್ಲ ಅದನ್ನೇ ಹಿಡಿದರು. ದೇವರಿಗಿಂತ ಹೆಚ್ಚು ಸಲ ನನ್ನ ನಾಮಸ್ಮರಣೆ ನಡೆಯುತ್ತಿದ್ದ ಊರು ಅದೊಂದೇ ಇರಬೇಕು. ಬಾವಿಯಲ್ಲೇ ಕುಡಿಯುವ ರಾಜೇಸಾಬನ ಚಾಳಿಯನ್ನೂ ಅವಳು ಬಿಡಿಸಿದಳು. ಹೊಲಕ್ಕೆ ಹೋಗುವಾಗ ಸೋಸಿದ ನೀರಿನ ತಂಬಿಗೆಯನ್ನು ತಾನೇ ಕೈಗಿಡುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ನಾನು ಊರು ಮುಟ್ಟುವಾಗ ರಾಜೇಸಾಬ ಎತ್ತುಗಳ ಹಿಂದೆ ನೆಟ್ಟಗೆ ನಡೆಯುತ್ತಿದ್ದ. ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಬೇವಿನ ಬುಡದಲ್ಲಿ ಇಮಾಮಬಿ ಬಟ್ಟೆ ಜಾಡಿಸುತ್ತಿದ್ದಳು, ಆದರೆ ಕೂಗಿಲ್ಲ. ನನ್ನ ಹೆಸರು ಮರೆತೆಯಾ ಎಂದು ಚೇಷ್ಟೆ ಮಾಡಿದೆ.

"ಮರತಿಲ್ರಿ ಅಕ್ಕಾರ. ಮಗಾ ನನ್ನಾಂವ, ಪಾಪ ನಿಮಗ ಹೊರಸೂದು ಸರಿ ಅನಸಲಿಲ್ರಿ. ಈಗ ನನ್ನ ಹೆಸರ ಹೇಳಿ ಚೆಲ್ಲತೇನಿ."

ಆಮೇಲೆ ಇಂಡಿ, ಮುದ್ದೇಬಿಹಾಳ ಎಂದು ಎಷ್ಟೋ ಊರಿನ ಬಾವಿಕಟ್ಟೆಗಳಲ್ಲಿ ಅದೇ ಪಾಠ ಹೇಳಿದೆ. ಸೋಸಿ ಎಂದು ಹೇಳುವುದು ಸುಲಭ; ಸೋಸಿ ಉಳಿದದ್ದನ್ನು ಯಾರು ಹೊರಬೇಕು ಎಂಬುದನ್ನು ನನಗೆ ಕಲಿಸಿದವಳು ಅವಳು. ಈಗ ನನ್ನ ನಲ್ಲಿಯ ಬಟ್ಟೆಯಲ್ಲಿ ಮರಳಿನ ನಾಲ್ಕು ಕಣವೂ ಸಿಗುವುದಿಲ್ಲ. ಆದರೂ ದಿನಾ ಸಂಜೆ ಕರಿಬೇವಿನ ಬುಡದಲ್ಲಿ ಅದನ್ನು ಜಾಡಿಸುತ್ತ, ಮೆಲ್ಲಗೆ, ನನ್ನ ಹೆಸರನ್ನೇ ಹೇಳಿಕೊಳ್ಳುತ್ತೇನೆ. ಇಮಾಮಬಿ ಹೊತ್ತದ್ದು ಸಾಕು.