ಕೆಮ್ಮನ್ನೂ ಬಿಡದ ಟೇಪಕ್ಕ

ಬೆಳಗಿನ ಐದು ಗಂಟೆ. ಬೀದಿ ಗುಡಿಸುವವರ ಸಂಘದ ಕೋಣೆಯಲ್ಲಿ, ಪೊರಕೆಗಳ ಪಕ್ಕ ಕೂತ ಅರವತ್ತೆರಡರ ಹೆಂಗಸು ಹಳೆಯ ಟೇಪ್ ರೆಕಾರ್ಡರ್ ಹಾಕಿ, ಒಂದು ವಾಕ್ಯ ಕೇಳಿ, ನಿಲ್ಲಿಸಿ, ಬರೆಯುತ್ತಾರೆ. ಟೇಪಿನಲ್ಲಿ ತಮ್ಮ ಸ್ವಂತ ಅಕ್ಕನ ನಗು ಬಂದ ಕಡೆ ಮಾತ್ರ ಎರಡೆರಡು ಸಲ ಹಿಂದಕ್ಕೆ ಓಡಿಸುತ್ತಾರೆ. ಎಲ್ಲರಿಗೂ ಇವರು ಟೇಪಕ್ಕ.

ಇಪ್ಪತ್ತೆರಡು ವರ್ಷ ಇವರೂ ಬೀದಿ ಗುಡಿಸಿದವರೇ. ಅಕ್ಷರ ಕಲಿತದ್ದು ಸಂಜೆ ಶಾಲೆಯಲ್ಲಿ. ಗುಡಿಸುವವರ ಹಳೆಯ ಮುಷ್ಕರದ ಬಗ್ಗೆ ಪುಸ್ತಕ ಬರೆಯಲು ವಿಶ್ವವಿದ್ಯಾಲಯದ ಮೇಡಂ ಬಂದಾಗ ಸಂಘ ಷರತ್ತು ಹಾಕಿತು: ಏನು ಕೇಳಬೇಕೆಂದು ಮೇಡಂ ಮತ್ತು ಸಂಘ ಕೂಡಿ ತೀರ್ಮಾನಿಸಬೇಕು, ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಬೇಕು, ಅವರು ಹೂಂ ಅಂದರಷ್ಟೇ ಅಚ್ಚಿಗೆ. ಬರೆಯುವುದೂ ಓದುವುದೂ ಟೇಪಕ್ಕನ ಪಾಲಾಯಿತು. ಒಬ್ಬೊಬ್ಬರ ಮಾತಿಗೆ ಒಂದೊಂದು ಕ್ಯಾಸೆಟ್, ಒಂದನ್ನು ಬರೆಯಲು ಎಂಟು ದಿನ. ನಲವತ್ತು ಮುಗಿದಿವೆ.

ಮೊದಲನೆಯದರಲ್ಲೇ ಎಡವಿದ್ದರು. ಚೆನ್ನಾಗಿ ಕಾಣಲೆಂದು ಬೈಗುಳ, ನಗು, ಕೆಮ್ಮು ಎಲ್ಲ ತೆಗೆದಿದ್ದರು. "ಹೇಳಿದವಳೇ ಕೇಳಿಸ್ಕೊಂಡು, 'ಇದ್ಯಾರೇ ಮಾತಾಡಿದ್ದು, ಟೀಚರಾ?' ಅಂದ್ಲು. ನಾಚಿಕೆ ಆಗೋಯ್ತು. ಆಮೇಲಿಂದ ಕೆಮ್ಮನ್ನೂ ಬಿಡಲ್ಲ."

ಉಳಿದಿರುವುದು ಒಂದೇ, ಸ್ವಂತ ಅಕ್ಕನದು. ಮುಷ್ಕರದ ಹನ್ನೊಂದನೆಯ ದಿನ ಕಸದ ಲಾರಿಗೆ ಅಡ್ಡ ಕೂತವರು ಅಕ್ಕ. ಓದಿ ಹೇಳುವ ಮೊದಲೇ ತೀರಿಕೊಂಡರು. ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕು. ತಂಗಿ ಹೂಂ ಅಂದರೆ ಸಾಕಲ್ಲವೇ ಎಂದರಂತೆ ಮೇಡಂ. "ನಮ್ಮಕ್ಕ ಅಂತ ಸಡಿಲ ಬಿಟ್ರೆ ಉಳಿದ ನಲವತ್ತು ಜನಕ್ಕೆ ಹೇಗೆ ಮುಖ ತೋರಿಸ್ಲಿ?"

ಹಾಗಾಗಿ ಅಂದು ಅಕ್ಕನ ಜೊತೆ ರಸ್ತೆಯಲ್ಲಿ ಕೂತ ಮೂವರು ಹೆಂಗಸರನ್ನು, ಅಕ್ಕನ ಬದಲು ಕೇಳಿ ಹೂಂ ಅನ್ನಲೆಂದು, ಇವತ್ತು ಕರೆಸಿದ್ದಾರೆ. ಅವರು ಬರುತ್ತಲೇ ಟೇಪಕ್ಕ ಅಕ್ಕನ ಮಾತು ಓದತೊಡಗುತ್ತಾರೆ: ಲಾರಿ ಬಂದದ್ದು, ಡ್ರೈವರ್ ಹಾರ್ನ್ ಬಾರಿಸುತ್ತಲೇ ಇದ್ದದ್ದು, "ನಂಗೆ ಒಂಚೂರೂ ಹೆದ್ರಿಕೆ ಆಗ್ಲಿಲ್ಲ" ಅಂದದ್ದು.

ಮೂವರಲ್ಲಿ ಹಿರಿಯಳು ಕೈ ಅಡ್ಡ ಹಿಡಿಯುತ್ತಾಳೆ. "ಸುಳ್ಳು ಕಣೇ. ನನ್ನ ಕೈ ಹಿಡ್ಕೊಂಡು ಗಡಗಡ ನಡುಗ್ತಿದ್ಲು. ಅದನ್ನ ಬರೀತೀಯಾ?"

ಟೇಪಕ್ಕ ಪೆನ್ನು ಕೆಳಗಿಡುತ್ತಾರೆ. ಅಕ್ಕ ನಡುಗಿದ್ದು ಅವರಿಗೂ ಇವತ್ತೇ ಗೊತ್ತಾದದ್ದು.

"ಅವಳ ಮಾತು ಅವಳದು, ತಿದ್ದಲ್ಲ," ಎನ್ನುತ್ತಾರೆ ಕೊನೆಗೆ. "ನಿನ್ನ ಮಾತು ಕೆಳಗೆ ಬರ್ಕೋತೀನಿ, ನಿನ್ನ ಹೆಸರಲ್ಲಿ."

"ಬರ್ಕೋ. ಇದ್ದಿದ್ರೆ ಜುಟ್ಟು ಹಿಡ್ಕೊಂಡು ಜಗಳಕ್ಕೆ ಬರೋಳು."

ಮೂವರೂ ನಗುತ್ತಾ ಹೂಂ ಅನ್ನುತ್ತಾರೆ, ಪೊರಕೆ ಹಿಡಿದು ಹೊರಡುತ್ತಾರೆ. ಟೇಪಕ್ಕ ಕ್ಯಾಸೆಟ್ ತೆಗೆದು ಸೆರಗಿನಿಂದ ಒರೆಸುತ್ತಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಬರಬೇಡವೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಹೆಸ್ರು ಬಿಡಿ. ಇಷ್ಟು ಜನರ ಮಾತು ಬರೆದೆ, ನಂದೇ ಒಂದು ಕ್ಯಾಸೆಟ್ ಇಲ್ಲ. ಯಾರಾದ್ರೂ ಕೂತು ಕೇಳಿದ್ರೆ ಹೇಳ್ತೀನಿ. ಓದಿ ತೋರಿಸೋವಾಗ ನಾನು ಬದುಕಿರ್ಬೇಕು, ಅಷ್ಟೇ."