ವಾರದ ವ್ಯಾಯಾಮ ಒಂದೇ ದಿನ

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳದಿ ರಬ್ಬರ್ ಪಟ್ಟಿಯೊಂದು ಸಿಕ್ಕಿತು. ಅಂಟಂಟಾಗಿತ್ತು, ಮೂಗಿಗೆ ಹಿಡಿದರೆ ಬಲೂನಿನ ವಾಸನೆ. ಕೊಟ್ಟವರು ವಡಾಲ ಸ್ಟೇಷನ್ನಿನ ಹಿಂದಿನ ಬಿಲ್ಡಿಂಗಿನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ಡಾಕ್ಟ್ರಮ್ಮ. ಧಾರವಾಡ ಕಡೆಯವರು. ದನಿ ಗಟ್ಟಿ, ನಗು ಅದಕ್ಕಿಂತ ಗಟ್ಟಿ.

ನಾನು ಉಡುಪಿ ಹೋಟೆಲಿನ ದೋಸೆ ಭಟ್ಟ. ಇಪ್ಪತ್ತು ವರ್ಷ ಕಾವಲಿಯ ಮುಂದೆ ಬಗ್ಗಿದ ಸೊಂಟ ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆ ಎತ್ತುವಾಗ ಹಿಡಿದುಕೊಂಡಿತು. ಧಣಿಗಳು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀರುಳ್ಳಿ ಹೆಚ್ಚಲು ಹಾಕಿದರು. ನನ್ನ ಕಾವಲಿಯಲ್ಲಿ ಬೇರೆಯವನು ದೋಸೆ ಹುಯ್ಯುವುದನ್ನು ನೋಡುತ್ತ ಕೂರುವುದಿದೆಯಲ್ಲ... ನೀರುಳ್ಳಿ ಇಲ್ಲದಿದ್ದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಕಾವಲಿ ಮತ್ತೆ ಕೈಗೆ ಬರುವುದೇ ಇಲ್ಲವೇನೋ ಎಂದು ಹೆದರಿದ್ದೆ.

ಡಾಕ್ಟ್ರಮ್ಮ ಮಲಗಿಸಿ ಸೊಂಟ ಎತ್ತಿಸಿದರು, ಕಾಲಿಗೆ ಪಟ್ಟಿ ಹಾಕಿ ಎಳೆಸಿದರು, ಮನೆಯಲ್ಲೂ ದಿನಕ್ಕೆ ಹತ್ತು ಸಲ ಮಾಡಿ ಅಂದರು. ಹೋಟೆಲಿನ ಗಡಿಬಿಡಿಯಲ್ಲಿ ದಿನಾ ಎಲ್ಲಾಗುತ್ತದೆ? ಸೋಮವಾರ ನನಗೆ ರಜೆ. ಏಳು ದಿನದ ಎಪ್ಪತ್ತನ್ನೂ ಅಂದೇ ಮುಗಿಸಿಬಿಟ್ಟೆ. ಮಂಗಳವಾರ ಗೋಡೆ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತೆ.

"ಏನ್ರೀ ಅಣ್ಣಾರ, ಇದೇನು ದ್ವಾಸಿ ಹಿಟ್ಟೇನ್ರಿ, ಒಮ್ಮೆಲೆ ರುಬ್ಬಿ ಫ್ರಿಜ್ಜಿನ್ಯಾಗ ಇಡಾಕ?"

"ಬಾಕಿ ಇಡುದು ಬೇಡ ಅಂತ ಮಾಡಿದ್ದು ಡಾಕ್ಟ್ರೇ," ಅಂದೆ.

ಅವರು ನಕ್ಕ ನಗುವಿಗೆ ಹೊರಗೆ ಕಾಯುತ್ತಿದ್ದವರೂ ನಕ್ಕರು. ನಾನೂ ನಕ್ಕೆ, ಸೊಂಟ ಚುಳ್ಳೆಂದಿತು.

ಆಮೇಲೆ ನನ್ನ ಕೆಲಸದ ನಡುವೆಯೇ ಅವರು ಜಾಗ ಹುಡುಕಿಕೊಟ್ಟರು. ಬೆಳಿಗ್ಗೆ ಸಾಂಬಾರು ಕುದಿಯುವಷ್ಟರಲ್ಲಿ ಐದು, ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಐದು. ಸ್ಟೋರ್‌ರೂಮಿನಲ್ಲಿ ಗೋಣಿ ಹಾಸಿ ನಾನು ಸೊಂಟ ಎತ್ತುತ್ತಿದ್ದರೆ ಅಡುಗೆಮನೆಯವರೆಲ್ಲ ಜೋರಾಗಿ ಎಣಿಸುತ್ತಿದ್ದರು. ಬೇಕೆಂದೇ ಮೂರಾದ ಮೇಲೆ ಮತ್ತೆ ಎರಡು ಅನ್ನುತ್ತಿದ್ದರು, ಕಳ್ಳರು!

ಮೂರು ತಿಂಗಳಿಗೆ ಕಾವಲಿ ನನ್ನದಾಯಿತು. ಆ ವಾರವೇ ಡಾಕ್ಟ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಾನು ಕುಣಿಯುವುದೊಂದು ಬಾಕಿ, ಗರಿಗರಿಯಾದ ದೋಸೆ ಎಬ್ಬಿಸಿ ತೋರಿಸಿದೆ. ಅವರು ದೋಸೆ ನೋಡಲೇ ಇಲ್ಲ, ನನ್ನ ಸೊಂಟ ನೋಡಿದರು.

"ಬರೋಬ್ಬರಿ ಐತಿ. ಇನ್ನ ನನ್ನ ಕಡೆ ಬರಬ್ಯಾಡ್ರಿ."

ಅಷ್ಟು ಖುಷಿ ಕೊಟ್ಟ ಮಾತನ್ನು ನನಗೆ ಯಾರೂ ಹೇಳಿಲ್ಲ. ಅದನ್ನು ಚಾಚೂ ತಪ್ಪದೆ ಪಾಲಿಸಿದೆ...

ಅವರು ತೀರಿಕೊಂಡು ವರ್ಷವಾಯಿತಂತೆ. ನನಗೆ ಗೊತ್ತಾದದ್ದು ಹೋದ ತಿಂಗಳು, ಅದೂ ಗಿರಾಕಿಯೊಬ್ಬರಿಂದ. ಇವತ್ತೂ ಆರು ಗಂಟೆಗೆ ಕಾವಲಿಯ ಮುಂದೆ ನೆಟ್ಟಗೆ ನಿಂತಿದ್ದೆ. ನೋವಿದ್ದಾಗ ವಾರಕ್ಕೆರಡು ಸಲ ಅವರ ಬಾಗಿಲು ತಟ್ಟಿದವನು, ನೋವು ಹೋದ ಮೇಲೆ ಸುಮ್ಮನೆ ಮಾತಾಡಿಸಿಕೊಂಡು ಬರಲು ಒಂದು ದಿನವೂ ಹೋಗಲಿಲ್ಲ.