ಕೆಂದಿಯ ಬಲಸುತ್ತು

ಮೇಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಪೆನ್ನಾಗರಂ ದಾಟಿದರೆ ಬಸ್ಸೂ ಇಲ್ಲ, ರಸ್ತೆಯೂ ಇಲ್ಲ, ಕುರಿ ನಡೆದದ್ದೇ ದಾರಿ. ಆ ದಾರಿಯಲ್ಲಿ ಕುದುರೆ ಏರಿ ಹೋಗುತ್ತಿದ್ದವರು ನಮ್ಮಪ್ಪ ಒಬ್ಬರೇ. ಅಪ್ಪ ನಾಟಿ ವೈದ್ಯರು. ಮುರಿದ ಮೂಳೆ ಕೂಡಿಸುವುದಕ್ಕೂ ಅವರೇ, ಹಾವು ಕಚ್ಚಿದರೆ ಬೇರು ಅರೆದು ಕುಡಿಸುವುದಕ್ಕೂ ಅವರೇ. ಕಾಡಂಚಿನ ಹಟ್ಟಿಗಳ ಜನಕ್ಕೆ ಬೇರೆ ದಿಕ್ಕಿರಲಿಲ್ಲ.

ಹಳೆಯ ತಟ್ಟುಕುದುರೆ ಸತ್ತ ಮೇಲೆ ಅಪ್ಪ ಸೇಲಂನಿಂದ ಒಂದು ಕೆಂಪು ಹೆಣ್ಣುಕುದುರೆ ತಂದರು. ಅಜ್ಜಿ ಅದಕ್ಕೆ ಹಸುವಿನ ಹೆಸರನ್ನೇ ಇಟ್ಟಳು, ಕೆಂದಿ ಅಂತ. ನಡೆಯುವಾಗ ಕೆಂದಿಯಷ್ಟು ಸಾಧು ಇನ್ನೊಂದಿಲ್ಲ. ಓಡಲು ಬಿಟ್ಟರೆ ಮಾತ್ರ ಮೈಮೇಲೆ ದೆವ್ವ ಬಂದ ಹಾಗೆ. ಲಗಾಮು ಎಳೆದಷ್ಟೂ ಹಲ್ಲು ಕಚ್ಚಿ ಮುನ್ನುಗ್ಗುತ್ತಿದ್ದಳು. ಅಪ್ಪನಿಗೋ ಸೊಂಟನೋವು. ಒಂದು ದಿನ ಜೀನಿನಿಂದ ಇಳಿದವರೇ ಜಗಲಿಯ ಮೇಲೆ ಮಲಗಿಬಿಟ್ಟರು.

“ಕಣ ಮುಗಿಯಾದ್ರೊಳ್ಗೆ ಇದು ಮೆತ್ತಗಾಗ್ದಿದ್ರೆ ಜಟಕಾದವ್ನಿಗೆ ಕೊಟ್ಬುಡ್ತೀನಿ. ಆಮ್ಯಾಕೆ ಅಟ್ಟಿಗಳಿಗೆ ಓಗಾದು ನನ್ನಿಂದ ಆಗಾಕಿಲ್ಲ” ಅಂದರು.

ಪಳಗಿಸುವ ಕೆಲಸವನ್ನು ಚಿಕ್ಕಪ್ಪ ಮೈಮೇಲೆ ಹಾಕಿಕೊಂಡರು. ಕುರಿ ಕಾಯುವುದೊಂದನ್ನು ಬಿಟ್ಟು ಎಲ್ಲ ಕೆಲಸದಲ್ಲೂ ಅವರಿಗೆ ಆಸೆ. ಹಗುರ ಮೈಯವಳೆಂದು ನನ್ನನ್ನೇ ಜೀನಿನ ಮೇಲೆ ಕೂರಿಸಿದರು. ಬೆಳಿಗ್ಗೆ ಎತ್ತುಗಳು ರಾಗಿ ತುಳಿದು ಹೋದ ಕಣದಲ್ಲಿ ಮಧ್ಯಾಹ್ನ ನಮ್ಮ ಪಾಠ. ಗಂಟಲಿಗೆ ಹತ್ತುವ ಹೊಟ್ಟಿನ ಧೂಳು, ಬಿಸಿಲಿಗೆ ಒಣಗಿದ ಸಗಣಿನೆಲದ ವಾಸನೆ, ಒಲೆಯ ಮೇಲೆ ಕೆಂದಿಗೆಂದು ಬೇಯುತ್ತಿದ್ದ ಹುರಳಿಯ ಹಬೆ. ಕುಂಟೆಬಿಲ್ಲೆ ಬಿಟ್ಟು ಬಂದ ಗೆಳತಿಯರು ಬಾಯಿ ತೆರೆದು ನೋಡುತ್ತಿದ್ದರೆ ನನ್ನ ಜಂಬ ಹೇಳತೀರದು.

ಚಿಕ್ಕಪ್ಪ ನಡುವೆ ಉದ್ದ ಹಗ್ಗ ಹಿಡಿದು ನಿಲ್ಲುತ್ತಿದ್ದರು. “ಎಳೀಬ್ಯಾಡ ಪಾಪಾ. ನೀ ಎಳೆದ್ರೆ ಅವ್ಳೂ ಎಳೀತಾಳೆ. ಸುತ್ತು ಸಣ್ಣದು ಮಾಡು. ಉಸ್ರು ಬುಡು. ಮೆದುವಾ ಅನ್ನು.”

ಸೇಲಂ ಕುದುರೆಗೆ ತಮಿಳಿನಲ್ಲಿ ಹೇಳಿದರೇ ತಿಳಿಯುವುದೆಂದು ಅವರ ನಂಬಿಕೆ. ಮೆಲ್ಲಗೆ ಅನ್ನುವುದಕ್ಕೆ ನಾನು ‘ಮೆದುವಾ, ಮೆದುವಾ’ ಎಂದು ಜಪ ಮಾಡಿದೆ. ನಾಲ್ಕು ಹೆಜ್ಜೆ ಓಟ, ಮತ್ತೆ ನಡಿಗೆ, ಮತ್ತೆ ಓಟ. ಅವಳು ಕತ್ತು ಇಳಿಸಿದ ಕೂಡಲೇ ಲಗಾಮು ಸಡಿಲ ಬಿಟ್ಟು ಬೆಲ್ಲದ ಚೂರು ಕೊಡುವುದು. ಬರಬರುತ್ತಾ ಓಡುವಾಗಲೂ ಅವಳ ಕಿವಿ ನನ್ನ ಮಾತಿನ ಕಡೆಗೇ ತಿರುಗತೊಡಗಿತು. ತೊಡೆಯ ಕೆಳಗೆ ಅವಳ ಬೆನ್ನು ಸಡಿಲವಾದದ್ದು ತಿಳಿದ ದಿನ ನಾನು ಸಂತೋಷಕ್ಕೆ ಅತ್ತೇಬಿಟ್ಟೆ.

ಅವತ್ತೇ ಚಿಕ್ಕಪ್ಪ ಅಜ್ಜಿಗೆ ಹೇಳಿದ್ದು: “ಇನ್ನು ಎಡಕ್ಕೂ ಸುತ್ತಿಸ್ಬೇಕು ಅವ್ವ. ಬಲಕ್ಕೆ ಚೆಂದಾಗಿ ಬಗ್ತಾಳೆ, ಎಡಕ್ಕೆ ಕತ್ತು ಕೊರಡಿನಂಗೈತೆ.”

ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. “ಎಡಸುತ್ತು ಸುತ್ತಾದು ಎಣಕ್ಕೆ ಕಣ್ಲಾ! ರಾಸಿ ಆಕಾ ಕಣದಾಗೆ, ನನ್ ಮಗ ಏರಾ ಕುದ್ರೇನ ಅಂಗೆ ಸುತ್ತಿಸ್ತೀಯಾ? ನಮ್ಮೆತ್ತು ಯಾವತ್ತಾದ್ರೂ ಎಡಕ್ಕೆ ಸುತ್ಯವಾ?”

ಎತ್ತುಗಳು ಸುತ್ತಿರಲಿಲ್ಲ, ಅದು ನಿಜ. ನಮ್ಮಲ್ಲಿ ಬೀಸುವ ಕಲ್ಲಿನಿಂದ ಹಿಡಿದು ದೇವರ ಗುಡಿ ಸುತ್ತುವವರೆಗೆ ಎಲ್ಲವೂ ಬಲಕ್ಕೇ, ಎಡಕ್ಕೆ ಸುತ್ತುವುದು ಹೆಣದ ಸುತ್ತ ಮಾತ್ರ. ಚಿಕ್ಕಪ್ಪ ಅಪ್ಪನ ಮುಖ ನೋಡಿದರು. “ಸರಿ ಬುಡಲಾ, ಅವ್ವನ ಮನ್ಸು ನೋಯಿಸ್ಬ್ಯಾಡ” ಅಂದರು ಅಪ್ಪ. ಅಜ್ಜಿಯ ಮಾತು ತಪ್ಪೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಕಣ ಮುಗಿಯುವ ಹೊತ್ತಿಗೆ ಅಪ್ಪನೇ ಏರಿ ನೋಡಿದರು. ಬಲಕ್ಕೆ ಸುತ್ತು ಹಾಕಿ, “ತೊಟ್ಲಾಗೆ ಕುಂತಂಗೈತೆ!” ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆಯ ಸಲ.

ಮರುದಿನ ಬೆಳಿಗ್ಗೆ ಹಟ್ಟಿಯೊಂದರಿಂದ ಕರೆ ಬಂತು. ಅಪ್ಪ ಹೊರಟರು. ಊರಾಚೆ ಒಂದು ದೊಡ್ಡ ಬಂಡೆಯ ಬಳಿ ದಾರಿ ಎಡಕ್ಕೆ ಹೊರಳುತ್ತಿತ್ತು. ಹದವಾಗಿ ಓಡುತ್ತಿದ್ದ ಕೆಂದಿಗೆ ಅಲ್ಲಿ ಎಡಕ್ಕೆ ಕತ್ತು ಬಗ್ಗಲಿಲ್ಲ, ಕಾಲು ಕೂಡಲಿಲ್ಲ. ಗಾಬರಿಬಿದ್ದು ನುಗ್ಗಿದಳು, ಮುಗ್ಗರಿಸಿದಳು. ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದರು. ತೊಡೆಯ ಮೂಳೆ ಮುರಿದಿತ್ತು. ಊರಿನವರ ಮೂಳೆಯನ್ನೆಲ್ಲ ನೆಟ್ಟಗೆ ಕೂಡಿಸಿದವರ ಕಾಲು ಗಿಡ್ಡವಾಗಿಯೇ ಕೂಡಿತು.

ಕೆಂದಿಯನ್ನು ಜಟಕಾದವನು ಹೊಡೆದುಕೊಂಡು ಹೋದ. ನಾನು ಊಟ ಬಿಟ್ಟು ಅತ್ತೆ. ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದರು. “ಅವ್ಳದೇನೂ ತಪ್ಪಿಲ್ಲ ಪಾಪಾ. ನಾವು ಕಲಿಸಿದ್ದೇ ಅಷ್ಟು” ಅಂದರು.

ಆಮೇಲೆ ಹಟ್ಟಿಯ ಜನರೇ ರೋಗಿಗಳನ್ನು ಹೊತ್ತು ತರತೊಡಗಿದರು. ಹಾವು ಕಚ್ಚಿದ ಒಬ್ಬ ಹುಡುಗಿಯನ್ನು ತಂದಾಗ ಮೈ ಆಗಲೇ ತಣ್ಣಗಾಗಿತ್ತು. ಅವಳಿಗೂ ನನ್ನಷ್ಟೇ ವಯಸ್ಸು. ಅಪ್ಪ ಬೇರಿನ ಗಂಟನ್ನು ಬಿಚ್ಚಲೂ ಇಲ್ಲ.

ಈಗ ಆ ಬಂಡೆಯನ್ನು ಸಿಡಿಸಿ ರಸ್ತೆ ಮಾಡಿದ್ದಾರೆ, ಹಟ್ಟಿಗೆ ಬಸ್ಸು ಹೋಗುತ್ತದೆ. ರಾಗಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಬಂದ ಲಾರಿಯೇ ತುಳಿದು ಹೋಗುತ್ತದೆ, ಎಡವೂ ಇಲ್ಲ ಬಲವೂ ಇಲ್ಲ. ನನ್ನ ಮೊಮ್ಮಕ್ಕಳಿಗೆ ಕಣ ಎಂದರೆ ಏನೆಂದು ತಮಿಳಿನಲ್ಲಿ ಹೇಳಬೇಕು. ಒಂದು ಜೀವದ ಉಸಿರಿಗೆ ನನ್ನ ಉಸಿರು ಹೊಂದಿಸಿ ಕೂತ ಆ ಮಧ್ಯಾಹ್ನಗಳು ನನಗೆ ಮತ್ತೆ ಸಿಗಲಿಲ್ಲ.

ಆ ಹುಡುಗಿಯನ್ನು ವಾಪಸು ಹೊತ್ತೊಯ್ದ ಸಂಜೆ ಅಜ್ಜಿ ನನ್ನ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿದಳು. “ಪಾಪಾ, ಅವತ್ತು ಎಡಕ್ಕೂ ಸುತ್ತಿಸಿದ್ರೆ ಏನಾಯ್ತಿತ್ತು?” ಎಂದು ಕೇಳಿದಳು. ನಾನು ಅವಳ ಕೈಯ ಬಾಚಣಿಗೆ ತೆಗೆದುಕೊಂಡು ಸಿಕ್ಕಿದ ಕೂದಲು ಬಿಡಿಸತೊಡಗಿದೆ. ಏನೂ ಆಗುತ್ತಿರಲಿಲ್ಲ ಅಜ್ಜಿ, ಅಪ್ಪ ಹಟ್ಟಿಗೆ ಹೋಗಿ ಬರುತ್ತಿದ್ದರು, ಅಷ್ಟೇ. ಹಾಗೆಂದು ಹೇಳುವ ತಿಳಿವಳಿಕೆ ನನಗೆ ಬಂದಾಗ ಕೇಳಿದವಳು ಇರಲಿಲ್ಲ.